ಕೊಕ್ಕೆಯಿಲ್ಲದ ಜೋಡಿಬಂಡಿ

ಬಂಡಿಸಾಲು, ಹಳೇ ಹೆದ್ದಾರಿ, ಧಾರವಾಡದ ಮೂಡಣ
ಬಿಸಿಲುಮಾಸದ ಒಂಬತ್ತನೆಯ ದಿನ, 2187

2046ರ ಸಭೆಯಲ್ಲಿ ಕೈ ಎತ್ತಲಿರುವ ಹಿರಿಯರೇ,

ಆ ವರ್ಷ, ಕಡಲು ನುಂಗಿದ ಊರುಗಳಿಂದ ಘಟ್ಟ ಹತ್ತಿ ಬಂದ ನಮ್ಮವರಿಗೆ ನೀವು ಮನೆ ಕೊಡಲಿಲ್ಲ, ನಾವೀಗ ಬಂಡಿ ಎನ್ನುವ ಟ್ರೇಲರ್ ಕೊಟ್ಟಿರಿ. ಚಕ್ರವಿದೆ, ಬೇಕಾದಲ್ಲಿಗೆ ಹೋಗಬಹುದು ಎಂದು ಭಾಷಣ ಮಾಡಿದಿರಿ. ಅದೇ ವಾರ, ಅವುಗಳನ್ನು ಎಳೆಯುವ ವಾಹನಕ್ಕೆ ಸಿಕ್ಕಿಸುವ ಕೊಕ್ಕೆಗಳನ್ನು, ಕಳವಾಗಬಾರದೆಂಬ ನೆಪ ಹೇಳಿ, ಬಿಚ್ಚಿಸಿ ಒಯ್ದಿರಿ. ನನ್ನ ದೂರು ಈ ಒಂದು ಕೆಲಸದ ಮೇಲೆ.

ನಾನು ಅಂಬಾದಾಸ, ಈ ಸಾಲಿನ ಓದುಮನೆಯನ್ನು ಬಹುಕಾಲ ನೋಡಿಕೊಂಡವನು. ನಿಮ್ಮ ಕಾಲದ ಕನ್ನಡ ನಾನು ಪುಸ್ತಕದಿಂದ ಕಲಿತದ್ದು. ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಬಿಸಿಲುಮಾಸವೂ ನಿಮ್ಮ ಪಂಚಾಂಗದಲ್ಲಿಲ್ಲ. ವೈಶಾಖ ಮುಗಿದರೂ ನೆಲದ ಕಾವು ಆರದ ಕಾರಣ ನಾವು ಸೇರಿಸಿಕೊಂಡ ಹದಿಮೂರನೆಯ ತಿಂಗಳು ಅದು. ಹಗಲಲ್ಲಿ ಹೊರಗೆ ದುಡಿಯಲಾಗದ್ದರಿಂದ ನಮ್ಮ ಮದುವೆಗಳೆಲ್ಲ ಆ ತಿಂಗಳಲ್ಲೇ.

ಗಂಡ ಹೆಂಡತಿಗೆ ಎಂಥ ಟ್ರೇಲರ್ ಒಳ್ಳೆಯದು ಎಂದು ನಿಮ್ಮ ಪತ್ರಿಕೆಗಳು ಬರೆಯುತ್ತಿದ್ದುದನ್ನು ಓದಿದ್ದೇನೆ. ಹಾಸಿಗೆಯಿಂದ ಇಬ್ಬರೂ ಇಳಿಯಲು ಜಾಗವಿರಲಿ, ಹಗುರವಿದ್ದರೆ ಏರು ಹತ್ತೀತು, ಹೀಗೆ. ರಜೆ ಮುಗಿದೊಡನೆ ಮನೆಗೆ ಮರಳುವವರ ಚಿಂತೆ ಅದು. ನಾವು ಮರಳುವುದೂ ಬಂಡಿಗೇ. ನನ್ನ ಬಂಡಿಯ ಅಚ್ಚಿಗೆ ಬೇವಿನ ಬೇರು ಸುತ್ತಿಕೊಂಡಿದೆ. ಕಿಟಕಿ ತೆರೆದರೆ ಕೈಗೆಟುಕುವಷ್ಟರಲ್ಲಿ ಪಕ್ಕದವರ ಗೋಡೆ. ಅವರ ಸಾರಿಗೆ ಉಪ್ಪು ಹೆಚ್ಚಾದದ್ದು ನಮಗೂ ತಿಳಿಯುತ್ತದೆ. ನಡೆದು ಹೋಗಬಾರದೇ ಎಂದು ನೀವು ಕೇಳೀರಿ. ನೀರಿನ ನಳ ಇರುವುದು ಬಂಡಿಯ ಹೆಸರಿಗೆ. ಬಂಡಿ ಬಿಟ್ಟವರಿಗೆ ಎಲ್ಲಿಯೂ ನೀರಿಲ್ಲ.

ಹಾಗಾಗಿ ಜೋಡಿಬಂಡಿ, ಅಂದರೆ ಇಬ್ಬರಿಗೆಂದು ಕೊಡುವ ಬಂಡಿ, ಆರಿಸುವುದಕ್ಕೆ ನಮ್ಮದೇ ಪದ್ಧತಿಯಿದೆ. ಮೂರು ಬಂಡಿ ತೋರಿಸುತ್ತಾರೆ. ಹುಡುಗ ಹುಡುಗಿ ಒಳಹೊಕ್ಕು, ಬಾಗಿಲು ಕಿಟಕಿ ಮುಚ್ಚಿ, ಕಾದ ಎಣ್ಣೆಗೆ ಸಾಸಿವೆ, ಒಣಮೆಣಸಿನಕಾಯಿ ಹಾಕಬೇಕು. ಘಾಟು ಇಳಿಯುವವರೆಗೆ ಹೊರಬರುವಂತಿಲ್ಲ. ಎಲ್ಲಿ ಕಡಿಮೆ ಕೆಮ್ಮು, ಇನ್ನೊಬ್ಬರ ಕೆಮ್ಮು ಎಲ್ಲಿ ಸಹ್ಯ, ಆ ಬಂಡಿಯೇ ತಮ್ಮದು. ಹೊತ್ತು ಮುಳುಗುವುದರೊಳಗೆ ಆರಿಸದಿದ್ದರೆ ಮದುವೆಯಿಲ್ಲ. ಹುಡುಗ ಒಂಟಿಗರ ಬಂಡಿಗಳಿರುವ ಒಂಟಿಸಾಲಿಗೆ, ಹುಡುಗಿ ತವರಿಗೆ.

ಇಂದು ನನ್ನ ಮಗಳ ಮಗಳು ತುಳಸಾಳ ಸರದಿ. ಹುಡುಗ ಬಸವಂತ, ನೀರಿನ ಕೊಳವೆ ರಿಪೇರಿ ಮಾಡುವವನು. ಹೊರಗೆ ನಿಂತ ನೆಂಟರು, ಬಾಗಿಲು ಮೊದಲು ತೆರೆದವರೇ ಜಗಳದಲ್ಲಿ ಸೋಲುವವರು ಎಂದು ಪಂಥ ಕಟ್ಟುತ್ತಿದ್ದರು. ಬಸವಂತನ ಅಕ್ಕ ಗಂಗೂ, "ಬಸ್ಯಾ, ಈಗ ಕೆಮ್ಮಿ ಮುಗಸ್ಕೊ. ನಾಳಿಂದ ಅದಕ್ಕೂ ಆಕೀನ್ನ ಕೇಳಬೇಕು" ಎಂದಾಗ ಎಲ್ಲರೂ ನಕ್ಕರು. ಅಡುಗೆಕಟ್ಟೆ ಬಾಗಿಲ ಬಳಿ ಇರುವ ಬಂಡಿ ತುಳಸಾಳಿಗೆ ಹಿಡಿಸಿತು. ಉದ್ದ ಕಿಟಕಿಯದು ಅವನಿಗೆ. ಆ ಕಿಟಕಿಯಿಂದ ರಸ್ತೆ ಕಾಣುತ್ತದೆ.

ಕೊನೆಗೆ ಮೂರನೆಯ ಬಂಡಿಗೆ ಇಬ್ಬರೂ ಹೊಕ್ಕರು. ಅಲ್ಲಿ ಘಾಟು ಇಳಿದರೂ ಬಾಗಿಲು ತೆರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಕಿಟಕಿ ಸರಿಯಿತು. ಕೆಂಪಾದ ಕಣ್ಣಲ್ಲಿ ತುಳಸಾ ನನ್ನನ್ನು ನೋಡಿದಳು.

"ಅಜ್ಜಾ, ಮೂರೂ ನೋಡಿದೆ. ಕೊಕ್ಕಿ ಯಾವುದಕ್ಕೈತಿ ತೋರಸ್ರಿ. ಅದನ್ನ ಆರಸ್ತೀನಿ."

ಒಳಗೆ ಬಸವಂತ ಕೆಮ್ಮುತ್ತಿದ್ದ, ಆದರೆ ಅವನೂ ಬಾಗಿಲಿಗೆ ಕೈ ಹಾಕಲಿಲ್ಲ. ನನ್ನ ಮಗಳು ಬೇಡಿಕೊಂಡಳು, ಗಂಗೂ ಗದರಿದಳು. ಸಾಲಿನ ಯಜಮಾನ ಕೆಟ್ಟವನಲ್ಲ, ತಲೆ ತಗ್ಗಿಸಿಯೇ ಹೇಳಿದ: "ಅದನ್ನ ಒಯ್ದವರನ್ನ ಕೇಳಬೇಕವ್ವಾ. ನಾ ಏನ್ ಹೇಳ್ಲಿ?"

ಅದಕ್ಕೇ ಕೇಳುತ್ತಿದ್ದೇನೆ. ಅವರಿನ್ನೂ ಹೊರಬಾರದ ಈ ಬಂಡಿಯ ನೆರಳಿನಲ್ಲಿ ಕೂತು ಬರೆಯುತ್ತಿದ್ದೇನೆ, ನೆರಳು ಉದ್ದವಾಗುತ್ತಿದೆ. ನನ್ನ ಮದುವೆಯ ದಿನ ನಾನು ಈ ಮಾತು ಕೇಳಲಿಲ್ಲ, ನನ್ನ ಮಗಳೂ ಕೇಳಲಿಲ್ಲ. ಈ ಹುಡುಗಿ ತನ್ನ ಮದುವೆಯನ್ನೇ ಪಣಕ್ಕಿಟ್ಟು ಕೇಳಿದ್ದಾಳೆ. ನಮಗೆ ಉಳಿದಿರುವುದು ಈ ಸಂಜೆ ಮಾತ್ರ, ಆದರೆ ಇದನ್ನು ಓದುವ ನಿಮ್ಮ ಕಾಲದಲ್ಲಿ ಆ ಸಭೆ ಇನ್ನೂ ಸೇರಿಲ್ಲ. ಅಲ್ಲಿ ಕೈ ಎತ್ತುವ ಮುನ್ನ ಬೀದಿಯಲ್ಲಿ, ಎಲ್ಲರೆದುರು, ನಿಮ್ಮ ನಿಮ್ಮ ಹೆಸರು ಹೇಳಿ ಉತ್ತರ ಕೊಡಿ: ಎಲ್ಲಿಗಾದರೂ ಹೋಗಿ ಎಂದವರು ಕೊಕ್ಕೆಯನ್ನೇಕೆ ಬಿಚ್ಚಿಕೊಂಡಿರಿ, ಮತ್ತು ಅದನ್ನು ಎಂದು ಹಿಂದಿರುಗಿಸುತ್ತೀರಿ?