ಏಕಾಂಗಿಯಾಗಿ ಬೆಳೆದ ಗೂಡು

ಶಿಡ್ಲಘಟ್ಟ
೨-೮-೧೯೬೩

ಚಿರಂಜೀವಿ ತಮ್ಮ ಚನ್ನಕೇಶವನಿಗೆ ಶ್ಯಾಮಲಕ್ಕನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ, ಗೌರಿಬಿದನೂರಿನಲ್ಲಿ ನೀನೂ ಸುಬ್ಬಲಕ್ಷ್ಮಿಯೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ರೇಷ್ಮೆಹುಳು ಸೊಪ್ಪು ಕೇಳುವಾಗ ಕೈಗೆ ಬಿಡುವೆಲ್ಲಿ? ಹೈಸ್ಕೂಲು ಓದುವಷ್ಟು ಕಾಲವೂ ನಮ್ಮ ಮನೆಯಲ್ಲಿದ್ದು, ನನ್ನೆದುರು ಕೂತು ಸೊಪ್ಪು ಕತ್ತರಿಸಿದವನಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕೆ?

ತಾಲ್ಲೂಕಿನ ಗೂಡಿನ ಪ್ರದರ್ಶನದಲ್ಲಿ ನಿಮ್ಮ ಭಾವನಿಗೆ ಮೊದಲ ಬಹುಮಾನ ಬಂತು. ಶಾಲು ಹೊದಿಸಿದರು. ನಾನೂ ಮಗಳು ರತ್ನಳೂ ಹೆಂಗಸರ ಸಾಲಿನಲ್ಲಿ ಕೂತಿದ್ದೆವು. ಅವರು ಮೈಕಿನ ಮುಂದೆ ನಿಂತು, "ಈ ಗೂಡನ್ನು ನಾನು ಏಕಾಂಗಿಯಾಗಿ ಬೆಳೆದೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಥ ಗೊತ್ತಿಲ್ಲದೆ ನಾನೂ ತಟ್ಟಿದೆ ಕಣೋ.

ಮನೆಗೆ ಬಂದು ರತ್ನಳನ್ನು ಕೇಳಿದೆ. "ಯಾರ್ ಸಹಾಯಾನೂ ಇಲ್ದಂಗೆ ಒಬ್ರೇ ಮಾಡೋದು ಕಣಮ್ಮ. ಅಪ್ಪ ಏಕಾಂಗಿಯಾಗಿ ಊಟ ಮಾಡಿದರು, ಹಂಗೆ" ಅಂದಳು.

"ಬಡಿಸಿದ್ದು ಯಾರೇ?" ಅಂದೆ.

ಹುಳು ಪೊರೆ ಬಿಡುವ ಕೊನೆಯ ಜ್ವರದಿಂದೆದ್ದು ಸೊಪ್ಪಿನ ಮೇಲೆ ಬೀಳುವ ಹೊತ್ತಿಗೆ ಇವರು ಚಿಂತಾಮಣಿಯಲ್ಲಿ ನೆಂಟರ ಮದುವೆಯ ಓಡಾಟದಲ್ಲಿದ್ದರು. ಆಗಲೇ ನಾನು ಹೊರಗಾಗಬೇಕೆ? ಮುಟ್ಟಾದವರು ಹುಳುವಿನ ಮನೆಯ ಹೊಸ್ತಿಲು ದಾಟುವಂತಿಲ್ಲ. ಹಿತ್ತಲಲ್ಲಿ ಕೂತು ಚಡಪಡಿಸುತ್ತಿದ್ದೆ. ಪಕ್ಕದ ಮನೆಯ ಅಕ್ಕಯ್ಯಮ್ಮ ತನ್ನ ಕೆಲಸ ಬಿಟ್ಟು ಬಂದು ಸೊಪ್ಪು ಹಾಕಿದಳು. "ಸುಮ್ನೆ ಕೂತ್ಕೊಳಮ್ಮ, ನಿನ್ ಹುಳ ಬೇರೆ ನನ್ ಹುಳ ಬೇರೇನಾ?" ಅಂದಳು. ನಾನು ನೀರು ಹಾಕಿಕೊಂಡು ಒಳಗೆ ಬಂದ ಮೇಲೆ, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟವರು ನಾವಿಬ್ಬರು. ಹಾಗಾಗಿ ಏಕಾಂಗಿಯಾಗಿ ಅನ್ನುವ ಆ ಮಾತನ್ನು ನಾನೂ ಆಡಲಾರೆ. ಈ ಕಸುಬಿನಲ್ಲಿ ಯಾರು ಆಡಿದರೂ ಅದು ಸುಳ್ಳೇ. ಪ್ರದರ್ಶನದ ಮರುದಿನ ಅಕ್ಕಯ್ಯಮ್ಮ ಬಾವಿಯ ಹತ್ತಿರ ನನ್ನ ಮುಖ ನೋಡದೆ ಹೋದಳು. ನನಗೆ ಅಳು ಬಂತು.

ಸುಬ್ಬಲಕ್ಷ್ಮಿಗೆ ದಿನ ತುಂಬುತ್ತಾ ಬಂತು, ಭಾರ ಎತ್ತಲು ಬಿಡಬೇಡ. ತಾಯಿ ಮಗು ಎರಡೂ ಸುಖವಾಗಿರಲಿ, ನಿಮ್ಮ ಮನೆ ತುಂಬಲಿ.

ನಿನ್ನ ಅಕ್ಕ,
ಶ್ಯಾಮಲಮ್ಮ

ಇನ್ನೊಂದು ಮಾತು: ಇಷ್ಟು ಬರೆದು ಮುಗಿಸಿದ ಮೇಲೆ, ಹಾಗೇಕೆ ಹೇಳಿದಿರೆಂದು ನಿಮ್ಮ ಭಾವನನ್ನು ಕೇಳಿಯೇಬಿಟ್ಟೆ. "ನಿನ್ ಹೆಸ್ರೂ ಹೇಳ್ತೀನಿ ಅಂದಿದ್ದೆ ಕಣೇ. ಗೌರಿಬಿದನೂರಿಗೆ ಹೋಗಿದ್ದಾಗ ಭಾಷಣ ಬಾಯಿಪಾಠ ಮಾಡಿಸ್ದೋನು ನಿನ್ ತಮ್ಮ. ಹೆಂಗಸ್ರ ಹೆಸ್ರು ಬಂದ್ರೆ ಬಹುಮಾನ ಹಗುರಾಗುತ್ತೆ, ಏಕಾಂಗಿಯಾಗಿ ಅನ್ನಿ ಭಾವ, ಅಂದ. ಕನ್ನಡ ಪಂಡಿತ ಹೇಳಿದ್ಮೇಲೆ ನಾನೇನನ್ಲಿ?" ಅಂದರು. ಗಂಡ ಮರೆತಿದ್ದರೆ ಜಗಳವಾಡಿ ಸುಮ್ಮನಾಗುತ್ತಿದ್ದೆ. ನೀನು ಮರೆತವನಲ್ಲ, ಎಲ್ಲ ಗೊತ್ತಿದ್ದು ನನ್ನನ್ನು ಇಲ್ಲವೆನಿಸಿದೆ. ಈ ಸಲ ಗೌರಿ ಹಬ್ಬಕ್ಕೆ ತವರಿನ ಬಾಗಿನ ಕಳಿಸಬೇಡ.