ಎಂಟನೇ ಬೆಡ್ಡು

ಶನಿವಾರ, ೧೪ ಮಾರ್ಚ್

ಪ್ರೀತಿಯ ಪಾಪು,

ನಲವತ್ತೆಂಟು ತುಂಬಿದವಳನ್ನು ಇನ್ನೂ ಪಾಪು ಅಂತ ಕರೀತೀನಿ ಅಂತ ನಿನ್ನ ಗಂಡ ನಗಬಹುದು, ನಗಲಿ. ಇಲ್ಲಿ ಇಬ್ಬರೂ ಎದ್ದು ಓಡಾಡಿಕೊಂಡಿದ್ದೇವೆ, ಅಲ್ಲಿ ನೀವೂ ಹಾಗೇ ಇದ್ದರೆ ನನಗೆ ಅಷ್ಟು ಸಾಕು. ನಿನ್ನ ಕಾಗದಕ್ಕೆ ಉತ್ತರ ಮೂರು ವಾರ ತಡವಾಯಿತು. ಕೈಗೆ ಪಟ್ಟಿ ಕಟ್ಟಿದ್ದರು ಅನ್ನೋದು ಬರೀ ನೆಪ. ಪಟ್ಟಿ ಎಡಗೈಗೆ, ನಾನು ಬರೆಯೋದು ಬಲಗೈಯಲ್ಲಿ. ನಿಜ ಹೇಳೋಕೆ ಧೈರ್ಯ ಸಾಲಲಿಲ್ಲ, ಅಷ್ಟೇ. ಫೋನಿನಲ್ಲಿ ಹೇಳೋಣ ಅಂದರೆ ನಿನ್ನಮ್ಮ ಪಕ್ಕದಲ್ಲೇ ನಿಂತು ಕಿವಿಗೊಡುತ್ತಾಳೆ.

ನಾನು ಸೋಪಿನ ನೀರಿಗೆ ಜಾರಿ ಬಿದ್ದದ್ದಲ್ಲ. ಕುರ್ಚಿಯಿಂದ ಎದ್ದೆ, ಕಣ್ಣು ಕತ್ತಲೆ ಬಂತು, ಬಿದ್ದೆ. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡುತ್ತಾ ಹನ್ನೆರಡನೇ ಮಹಡಿಯಲ್ಲಿ ನೇತಾಡಿದವನು, ಮನೆಯ ಹಾಲಿನಲ್ಲಿ ನೆಲ ಕಂಡೆ. "ಇನ್ನೊಂದು ಸಲ ಯಾರಾದ್ರೂ ಬಿದ್ರೆ ಅಮ್ಮನನ್ನ ಆರೈಕೆ ಮನೆಗೆ ಸೇರಿಸೋದೇ, ಅಪ್ಪ. ನಿನ್ನ ಕೈಲಿ ಆಗ್ತಿಲ್ಲ" ಅಂತ ಹೇಳಿದ್ದೆಯಲ್ಲ, ಅದಕ್ಕೇ ಸೋಪಿನ ಕಥೆ ಕಟ್ಟಿದೆ. ಈಗ ಉಪ್ಪು ಖಾರ ಹಚ್ಚದೆ ನಡೆದದ್ದನ್ನು ಬರೀತೀನಿ.

ಮರೆವಿನ ಕಾಯಿಲೆ ಹಿಡಿದ ಮೇಲೆ ನಿನ್ನಮ್ಮನಿಗೆ ಅಡುಗೆ ಮರೆಯಿತು, ಬೀದಿ ಮರೆಯಿತು, ನಿನ್ನ ಹೆಸರು ಹೋಗಿ ಬಂದು ಮಾಡುತ್ತೆ. ನರ್ಸ್ ಕೆಲಸ ಮಾತ್ರ ಮರೆತಿಲ್ಲ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೈ ತೊಳೆದು, ವಾಚು ಕಟ್ಟಿ ರೌಂಡ್ಸಿಗೆ ಹೊರಡುತ್ತಾಳೆ. ಸೋಫಾಗೆ ಜ್ವರ ಬಿಟ್ಟಿತಾ ಅಂತ ವಿಚಾರಿಸುತ್ತಾಳೆ. ಕಿಟಕಿ ಪಕ್ಕದ ನನ್ನ ಕುರ್ಚಿ ಎಂಟನೇ ಬೆಡ್ಡು. ಅವಳ ಮಾತ್ರೆಗಳನ್ನು, ಅಂದರೆ ರಕ್ತದೊತ್ತಡದ್ದೊಂದು ಮರೆವಿನದ್ದೊಂದು, ಒಂದು ಬಟ್ಟಲಲ್ಲಿ ಇಡುತ್ತಿದ್ದೆ. ನನ್ನ ರಕ್ತದೊತ್ತಡದ ಮಾತ್ರೆ ಇನ್ನೊಂದರಲ್ಲಿ. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಎರಡೂ ಬಟ್ಟಲು ಎತ್ತಿಕೊಂಡು ಬಂದು "ಬಾಯಿ ತೆಗೀರಿ" ಅಂದಳು. ನಾನು "ಇದು ನಿನ್ನ ಮಾತ್ರೆ ಕಣೇ" ಅಂದುಬಿಟ್ಟೆ.

ಅವಳು ಎರಡೂ ಬಟ್ಟಲು ಕೆಳಗಿಟ್ಟಳು. "ಬದಲಾಗೋಯ್ತಾ? ಬೇರೆ ಬೆಡ್ಡಿಗೂ ಹೀಗೇ ಕೊಟ್ಟಿದ್ದೀನಾ?" ಅಂತ ಶುರು ಮಾಡಿದಳು. ಅಷ್ಟು ವರ್ಷದ ಸರ್ವೀಸಿನಲ್ಲಿ ಒಬ್ಬರ ಔಷಧಿ ಇನ್ನೊಬ್ಬರಿಗೆ ಹೋಗಗೊಟ್ಟವಳಲ್ಲ. ಆವತ್ತು ಊಟ ಮುಟ್ಟಲಿಲ್ಲ. ಸೋಫಾ ಹತ್ತಿರ, ಮೇಜಿನ ಹತ್ತಿರ ಹೋಗಿ ನಾಡಿ ಹುಡುಕುತ್ತಿದ್ದಳು. ಅವಳಿಗೆ ಆ ಭಯ ಹುಟ್ಟಿಸಿದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು. ಮಾರನೇ ದಿನ ತೆಪ್ಪಗೆ ಬಾಯಿ ತೆಗೆದೆ.

ಕೆನ್ನೆಯಲ್ಲಿ ಇಟ್ಟುಕೊಂಡು ಆಮೇಲೆ ಉಗುಳೋಣ ಅಂದುಕೊಂಡಿದ್ದೆ. ಆದರೆ ಯಾರ ಹತ್ತಿರ ನನ್ನ ಆಟ? "ನಾಲಿಗೆ ಎತ್ತಿ" ಅಂದಳು, ಎತ್ತಿದೆ. "ನುಂಗಿ" ಅಂದಳು, ನುಂಗಿದೆ. ಒಂದು ದಿನ ಅವಳ ಬಟ್ಟಲಿಗೆ ಪೆಪ್ಪರಮೆಂಟು ಹಾಕಿಟ್ಟೆ. ಮೂಸಿ ನೋಡಿ, "ಪೇಷೆಂಟಿಗೆ ಮೋಸ ಮಾಡೋದು ಯಾರು?" ಅಂತ ಅಡುಗೆಮನೆಯವರೆಗೂ ಹುಡುಕಿದಳು. ಅವಳಿಗೆ ಬೇರೆ ಮಾತ್ರೆ ಕೊಡೋಕೆ ಹೋದರೆ "ಡ್ಯೂಟಿ ಮೇಲಿರೋರಿಗೆ ಯಾಕ್ರೀ ಔಷಧಿ?" ಅಂತ ಕೈ ತಳ್ಳುತ್ತಿದ್ದಳು.

ಜನವರಿ ಕೊನೆಯಲ್ಲಿ ಡಾಕ್ಟರು ನೋಡಿದಾಗ ಅವಳ ರಕ್ತದೊತ್ತಡ ಏರಿತ್ತು. "ಮಾತ್ರೆ ದಿನಾ ಹೋಗ್ತಿದೆಯಾ?" ಅಂದರು. "ದಿನಾ ಹೋಗ್ತಿದೆ" ಅಂದೆ. ಹೋಗುತ್ತಿದ್ದದ್ದು ನನ್ನ ಹೊಟ್ಟೆಗೆ ಅಂತ ಬಾಯಿ ಬಿಡಲಿಲ್ಲ. ಅವರು ಅವಳ ಮಾತ್ರೆಯ ಪ್ರಮಾಣ ಎರಡರಷ್ಟು ಮಾಡಿದರು. ಅದೂ ನನ್ನ ಮಾತ್ರೆಯ ಜೊತೆ ನನಗೇ ಬಂತು. ಮೂರನೇ ವಾರ ಬಿದ್ದೆ.

ಡಾಕ್ಟರು ನನ್ನನ್ನು ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಒತ್ತಡ ನೋಡಿದರು. "ನಿಮ್ಮ ಮಾತ್ರೆ ನಿಲ್ಲಿಸೋಣ. ಮನೆಯವರದ್ದು ಇನ್ನೂ ಇಳಿದಿಲ್ಲ, ಅವರಿಗೆ ಇನ್ನೊಂದು ಸೇರಿಸ್ತೀನಿ" ಅಂತ ಪೆನ್ನು ತೆಗೆದರು. ಆಗ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಹೀಗೇ ನಡೆದಿದ್ರೆ ಅವರಿಗೆ ಲಕ್ವ ಹೊಡೀತಿತ್ತು, ನಿಮಗೆ ಸೊಂಟ ಮುರೀತಿತ್ತು. ಆಮೇಲೆ ಯಾರು ಯಾರನ್ನ ನೋಡ್ಕೋತಿದ್ರಿ?" ಅಂದರು. ನನ್ನ ಮಾತ್ರೆ ನಿಲ್ಲಿಸದೆ, ಅವಳದ್ದನ್ನು ಮೊದಲಿನ ಪ್ರಮಾಣಕ್ಕೇ ಇಳಿಸಿ ಬರೆದುಕೊಟ್ಟರು.

ದಾರಿ ತೋರಿಸಿದ್ದು ಮೇಲಿನ ಮನೆಯ ಟೈಲರಮ್ಮ. ಈಗ ನಿನ್ನಮ್ಮನ ಮಾತ್ರೆಗಳೆಲ್ಲ ಅವರ ಮನೆಯಲ್ಲೇ ಇವೆ. ಏಳೂವರೆಗೆ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಇಳಿದು ಬಂದು, "ಸಿಸ್ಟರ್, ಡ್ಯೂಟಿಗೆ ಮುಂಚೆ ಸ್ಟಾಫೆಲ್ಲ ಮಾತ್ರೆ ತಗೋಬೇಕಂತೆ, ಮೇಟ್ರನ್ ಆರ್ಡರ್" ಅಂತಾರೆ. ನರ್ಸುಗಳ ಮೇಲಿನ ಮೇಟ್ರನ್ ಹೆಸರೆತ್ತಿದರೆ ನಿನ್ನಮ್ಮ ಎರಡು ಮಾತಾಡುವುದಿಲ್ಲ. ನುಂಗಿ, ನಾಲಿಗೆ ಎತ್ತಿ ತೋರಿಸುತ್ತಾಳೆ. ಎಂಟಕ್ಕೆ ಒಂದೇ ಬಟ್ಟಲಲ್ಲಿ ನನ್ನದೊಂದು ಮಾತ್ರೆ ಹಿಡಿದು ಬರುತ್ತಾಳೆ. ಎರಡು ಮೂರು ದಿನ ಇನ್ನೊಂದು ಬಟ್ಟಲಿಗೆ ಹುಡುಕಾಡಿದಳು. "ಇವತ್ತು ಇಷ್ಟೇ ಅಂತೆ, ಅದೂ ಮೇಟ್ರನ್ನೇ ಹೇಳಿದ್ದು" ಅಂದ ಮೇಲೆ ಸುಮ್ಮನಾದಳು. ಹತ್ತೊಂಬತ್ತು ದಿನವಾಯಿತು. ಇಬ್ಬರ ಒತ್ತಡವೂ ಹತೋಟಿಗೆ ಬಂದಿದೆ. "ಮೂರು ತಿಂಗಳು ಮರೆವಿನ ಮಾತ್ರೆ ತಿಂದವರು ನೀವು, ನನ್ನ ಬ್ಲೌಸಿನ ಅಳತೆಪುಸ್ತಕ ಎಲ್ಲಿಟ್ಟೆ ಹೇಳಿ" ಅಂತ ಟೈಲರಮ್ಮ ನನ್ನ ಕಾಲೆಳೆಯುತ್ತಾರೆ.

ಅಮ್ಮನನ್ನು ಆರೈಕೆ ಮನೆಗೆ ಕಳಿಸಬೇಡ ಅಂತ ಕೇಳಿಕೊಳ್ಳೋಕೇ ಇಷ್ಟೆಲ್ಲ ಬರೆದೆ. ಸುಳ್ಳು ಹೇಳಿದ್ದನ್ನು ಹೊಟ್ಟೆಗೆ ಹಾಕಿಕೋ. ಕಳಿಸಲೇಬೇಕು ಅಂತ ನಿನಗೆ ಅನ್ನಿಸಿದರೆ ಬಂದು, ಎದುರಿಗೆ ಕೂತು ಹೇಳು. ನಾನು ಜಗಳ ಆಡುವುದಿಲ್ಲ. ಆ ಮನೆಯಲ್ಲಿ ಅವಳು ಯಾರಿಗೂ ಮಾತ್ರೆ ಕೊಡುವ ಹಾಗಿಲ್ಲ ಅನ್ನೋದನ್ನು ಮಾತ್ರ ಯೋಚನೆ ಮಾಡು.

ನಿನ್ನ ಮನೆ ತಣ್ಣಗಿರಲಿ. ಮೊಮ್ಮಗಳು ಅಂದುಕೊಂಡದ್ದು ಓದಲಿ. ನಿಮ್ಮೆಲ್ಲರ ತಲೆ ಮೇಲೆ ನಮ್ಮಿಬ್ಬರ ಕೈ ಇದೆ.

ನಿನ್ನ,
ಅಪ್ಪ

ಇನ್ನೊಂದು ಮಾತು, ಸೋಮವಾರ: ಭಾನುವಾರ ಅಂಚೆ ಇಲ್ಲವಲ್ಲ, ಕಾಗದ ಮೇಜಿನ ಮೇಲೇ ಇತ್ತು. ನಿನ್ನೆ ನಿನ್ನಮ್ಮ ಮಾತ್ರೆ ಕೊಟ್ಟು, ನನ್ನ ಎದುರಿಗೆ ಕೂತಳು. "ಇಷ್ಟು ದಿನದಿಂದ ಇದ್ದೀರಿ, ಮನೆಯಿಂದ ಯಾರೂ ನೋಡೋಕೆ ಬರಲ್ವಾ?" ಅಂದಳು. "ಹೆಂಡತಿ ಇದ್ದಾಳೆ. ಅವಳಿಗೂ ಹುಷಾರಿಲ್ಲ" ಅಂದೆ. "ಅವರನ್ನ ಯಾರು ನೋಡ್ಕೋತಾರೆ ಮತ್ತೆ?" "ನಾನೇ." "ಅಯ್ಯೋ, ನೀವಿಲ್ಲಿ ಕೂತರೆ ಆ ತಾಯಿ ಗತಿ ಏನು? ಡಾಕ್ಟರ ಹತ್ತಿರ ನಾನೇ ಮಾತಾಡ್ತೀನಿ, ಬೇಗ ಮನೆಗೆ ಹೋಗಿ" ಅಂತ ನನ್ನ ಕೈ ತಟ್ಟಿ ಎದ್ದಳು. ಇವತ್ತು ಎಂಟಕ್ಕೆ ರೌಂಡ್ಸಿಗೆ ಬಂದಳು. ಸೋಫಾ ವಿಚಾರಿಸಿದಳು, ಮೇಜು ವಿಚಾರಿಸಿದಳು, ನನ್ನ ಕುರ್ಚಿ ದಾಟಿ ಹೋದಳು. ನಾನು ಕೂತೇ ಇದ್ದೆ. "ಸಿಸ್ಟರ್, ಎಂಟನೇ ಬೆಡ್ಡು?" ಅಂತ ಕೂಗಿ ಕೇಳಿದೆ. "ಖಾಲಿ ಆಯ್ತು. ಅವರು ಹೆಂಡತಿ ಹತ್ತಿರ ಹೋದ್ರು" ಅಂದಳು. ನನ್ನ ಮಾತ್ರೆ ನಾನೇ ತಗೊಂಡೆ.