ಅನ್ನ ಮಾಡದ ಹಬ್ಬ

ಓರ್ ಯೆಹುದಾ
೧೯ ಮಾರ್ಚ್ ೧೯೭೯

ನನ್ನ ಕಣ್ಣೇ, ನಿಸೀಮ್,

ಬರೆಯುವುದು ನನ್ನ ಕೆಲಸವಲ್ಲ. ಮೂರನೇ ತರಗತಿಗೇ ನನ್ನನ್ನು ಶಾಲೆ ಬಿಡಿಸಿ ಹೊಲಿಗೆಗೆ ಕೂರಿಸಿದರು. ಫೋನಿನಲ್ಲಿ ಕೂಗಾಡಿ ಇಟ್ಟುಬಿಡುತ್ತೇನೆ ಅಂತ ನಿನಗೆ ಕಾಗದದಲ್ಲೇ ಬೇಕು. ನಿನ್ನ ಪತ್ರ ಬಂದು ಮೂರು ವಾರವಾಯಿತು. ತಡ ಮಾಡಿದ್ದು ನಾನೇ, ಅಂಚೆಯವನಲ್ಲ. ಬೈದುಕೋ.

ಮೊಣಕಾಲು ಹಾಗೇ ಇದೆ. ಮೇಲಿನ ಮನೆಯವರ ನಲ್ಲಿ ಸೋರಿ ನನ್ನ ಅಡುಗೆಮನೆಯ ಗೋಡೆ ಹಾಳಾಗಿದೆ. ಹೇಳಿದರೆ ನನಗೇ ಜೋರು ಮಾಡುತ್ತಾರೆ.

ಈಗ ನೀನು ಕೇಳಿದ್ದು. ತನ್ನಮ್ಮ ತೀರಿಕೊಂಡ ಮೇಲೆ ಇದು ಮೊದಲ ಪಸ್ಕ ಹಬ್ಬ, ಅವಳು ಮಾಡುತ್ತಿದ್ದ ಹಾಗೆ ಅನ್ನ ಮಾಡುತ್ತೇನೆ ಅಂತ ನಿನ್ನ ಹೆಂಡತಿ ವಯೊಲೆಟ್ ಅಂದಳಂತೆ. ನೀನು, "ನಮ್ಮ ಮನೆತನದಲ್ಲಿ ಹಬ್ಬಕ್ಕೆ ಅಕ್ಕಿ ಮುಟ್ಟಲ್ಲ, ಹಿರಿಯರ ರೂಢಿ ಮುರಿಯೋಕಾಗಲ್ಲ" ಅಂದೆಯಂತೆ. ಅವಳು ಮಾತು ಬಿಟ್ಟಿದ್ದಾಳೆ. ಈ ರೂಢಿ ಅಜ್ಜಿಯ ಅಜ್ಜಿ ಕಾಲದ್ದು ಅಂತ ನಾನು ಬರೆದುಕೊಡಬೇಕು, ನೀನು ಅವಳಿಗೆ ತೋರಿಸಬೇಕು.

ಬರೆದುಕೊಡಲಾರೆ. ಅದು ಸುಳ್ಳು.

ಬಾಗ್ದಾದ್ ಬಿಟ್ಟು ಈ ದೇಶಕ್ಕೆ ಬಂದು ನಾವು ಡೇರೆಯಲ್ಲಿದ್ದ ಮೊದಲ ವರ್ಷ. ನೀನು ಹೊಟ್ಟೆಯಲ್ಲಿದ್ದೆ. ಹಬ್ಬದ ಅಕ್ಕಿಯನ್ನು ಏಳು ಸಲ ಆರಿಸಬೇಕು, ಒಂದು ಗೋಧಿಕಾಳೂ ಉಳಿಯಬಾರದು; ಗೋಧಿಗೆ ನೀರು ತಾಗಿದರೆ ಹುಳಿ ಬರುತ್ತದೆ, ಹುಳಿ ಬಂದದ್ದನ್ನು ಪಸ್ಕದಲ್ಲಿ ನಾವು ಯೆಹೂದಿಗಳು ಮುಟ್ಟಬಾರದು. ಬಾಗ್ದಾದಿನಲ್ಲಿ ನನ್ನಮ್ಮ ಹಾಗೇ ಮಾಡುತ್ತಿದ್ದಳು. ನನಗೆ ಆಗಲೇ ಹತ್ತಿರದ್ದು ಮಸುಕು. ಕನ್ನಡಕ ಬೇಕೆಂದರೆ ಕುರುಡಿ ಸೊಸೆ ಬಂದಳು ಅಂದಾರು ಅಂತ ಬಾಯಿ ಬಿಡಲಿಲ್ಲ. ರೇಷನ್ ಅಕ್ಕಿಯ ತಟ್ಟೆಯನ್ನು ಏಳು ಸಲ ತಡವಿದೆ, ಅಷ್ಟೇ. ಊಟ ಮುಗಿದು ನಿನ್ನ ತಾತನಿಗೆ ಪಾತ್ರೆಯ ತಳಕ್ಕೆ ಹತ್ತಿದ ಅನ್ನದ ಸೀಕಲು ಕೆರೆಯುವಾಗ ಎರಡು ಗೋಧಿಕಾಳು ಬೆರಳಿಗೆ ಸಿಕ್ಕವು, ಬೆಂದು ಉಬ್ಬಿದ್ದವು. ಅಷ್ಟೂ ಜನಕ್ಕೆ ಹಬ್ಬದಲ್ಲಿ ಹುಳಿ ಬಂದದ್ದನ್ನು ಉಣ್ಣಿಸಿದ್ದೆ. ಮುಷ್ಟಿ ಮುಚ್ಚಿಕೊಂಡು ಹೊರಗೆ ಹೋಗಿ ಮಣ್ಣಿನಲ್ಲಿ ತುಳಿದೆ. ಒಳಗಿನಿಂದ ತಾತ, "ಏನಮ್ಮಾ, ಸೀಕಲೆಲ್ಲಾ ನೀನೇ ಮುಗಿಸಿದ್ಯಾ?" ಅಂತ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರನೇ ವರ್ಷ ತಟ್ಟೆ ಹಿಡಿಯಲು ಧೈರ್ಯ ಬರಲಿಲ್ಲ. "ನಮ್ಮಪ್ಪನ ಮನೇಲಿ ಹಬ್ಬಕ್ಕೆ ಅನ್ನ ಮಾಡ್ತಿರ್ಲಿಲ್ಲ" ಅಂದುಬಿಟ್ಟೆ. ನನ್ನತ್ತೆ ಮೂಗು ಮುರಿದರು: "ಯಾವಾಗಿಂದ? ಹಬ್ಬಕ್ಕೆ ಅಕ್ಕಿ ಬಿಡೋರು ಪೋಲೆಂಡಿನ ಕಡೆಯೋರು. ನಿಮ್ಮಪ್ಪ ಬಾಗ್ದಾದಿನೋನೋ, ಪೋಲೆಂಡಿನೋನೋ?" ನಿನ್ನಪ್ಪ ಮಾತ್ರ, "ಹೋಗ್ಲಿ ಬಿಡಮ್ಮಾ, ಅವಳ ಹಿರಿಯರು ಬಿಟ್ಟದ್ದನ್ನ ನಾವ್ಯಾಕೆ ತಿನ್ನಿಸ್ಬೇಕು" ಅಂದರು. ಸಾಯುವವರೆಗೂ ನನಗಾಗಿ ಹಬ್ಬದಲ್ಲಿ ಅನ್ನ ಬಿಟ್ಟರು. ನೀನು ಕಾಯುತ್ತಿರುವ ರೂಢಿ ಇದೇ.

ನಿಜವಾದ ರೂಢಿ ಏಳು ಸಲ ಆರಿಸುವುದು. ಅದನ್ನು ವಯೊಲೆಟ್‌ಗೆ ಅವಳಮ್ಮ ಕಲಿಸಿದ್ದಾಳೆ. ನಿನಗೆ ನಾನು ಕಲಿಸಲಿಲ್ಲ. ಅವಳು ಅನ್ನ ಮಾಡಲಿ. ನೀನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು ಆರಿಸು.

ದೇವರು ನಿಮ್ಮಿಬ್ಬರನ್ನೂ ಒಟ್ಟಿಗೆ ಇಟ್ಟಿರಲಿ. ನಿಮ್ಮ ಮನೆ ಮಕ್ಕಳಿಂದ ತುಂಬಲಿ.

ನಿನ್ನಮ್ಮ,
ಹಬೀಬಾ

ತಾ.ಕ.: ಇನ್ನೊಂದಿದೆ. ಹೋದ ವರ್ಷ ಹಬ್ಬದ ನಡುವೆ ಬೀಗಿತ್ತಿ ಲೂಲು ಒಬ್ಬಳೇ ಬಸ್ಸು ಹತ್ತಿ ನನ್ನ ಬಾಗಿಲಿಗೆ ಬಂದಿದ್ದಳು. ವಯೊಲೆಟ್‌ಗೆ ಗೊತ್ತಿಲ್ಲ. ಕೈಯಲ್ಲಿ ಬಟ್ಟೆ ಸುತ್ತಿದ ಅನ್ನದ ಪಾತ್ರೆ. "ಹಬೀಬಾ, ನೀನು ಎರಡು ತುತ್ತು ತಿಂದ್ರೆ ನಿನ್ನ ಮಗ ನನ್ನ ಮನೇಲೂ ತಿಂತಾನೆ. ಮದುವೆ ಆದ್ಮೇಲೆ ಒಂದು ಹಬ್ಬಕ್ಕೂ ನನ್ನ ಮಗಳು ನನ್ನ ಮೇಜಿಗೆ ಕೂತಿಲ್ಲ. ಮುಂದಿನ ಹಬ್ಬದ ಮಾತು ಡಾಕ್ಟ್ರು ಆಡ್ತಿಲ್ಲ ಕಣೇ" ಅಂದಳು. ನಾನು ಹೊಸ್ತಿಲಲ್ಲೇ ನಿಂತು, "ನಮ್ಮ ಹಿರಿಯರು ತಿಂದಿಲ್ಲ" ಅಂದೆ. ಒಳಗೆ ಬಾ ಅನ್ನಲಿಲ್ಲ, ನೀರು ಬೇಕಾ ಅನ್ನಲಿಲ್ಲ. ಕೂತರೆ ನನ್ನ ಬಾಯಿಂದ ನಿಜ ಹೊರಬಿದ್ದೀತು ಅಂತ ಹೆದರಿಕೆ. ಅವಳು ಪಾತ್ರೆ ಎದೆಗೆ ಅವಚಿಕೊಂಡು ವಾಪಸು ಹೋದಳು. ಎರಡು ತಿಂಗಳಿಗೆ ತೀರಿಕೊಂಡಳು.

ಈ ಕಾಗದ ಪೂರ್ತಿ ವಯೊಲೆಟ್ ಕೈಗೆ ಕೊಡು. ಒಂದು ಸಾಲೂ ಮುಚ್ಚಿಡಬೇಡ. ಹಬ್ಬಕ್ಕೆ ನಾನು ಬರಬಹುದೋ ಬೇಡವೋ ಅವಳು ಬರೆಯಲಿ, ನೀನಲ್ಲ. ಏಪ್ರಿಲ್ ಐದರೊಳಗೆ ಉತ್ತರ ಬೇಕು.